ಏಳನೆಯ ವರ್ಷ ಬಿತ್ತದ ರೈತರು

ಹೊಲ ಹದವಾಗಿದೆ, ಮನೆಯಲ್ಲಿ ಬೀಜವಿದೆ, ತೋಳಿನಲ್ಲಿ ಕಸುವೂ ಇದೆ. ಆದರೂ ರೈತ ಬಿತ್ತುವುದಿಲ್ಲ. ಇಸ್ರೇಲಿನ ಧರ್ಮನಿಷ್ಠ ಯೆಹೂದಿ ಬೇಸಾಯಗಾರರಲ್ಲಿ ಹಲವರು ಏಳು ವರ್ಷಕ್ಕೊಮ್ಮೆ ಇಡೀ ವರ್ಷ ಭೂಮಿಯನ್ನು ಬೀಳು ಬಿಡುತ್ತಾರೆ. ಈ ವರ್ಷಕ್ಕೆ ‘ಶ್ಮಿತಾ’ ಎಂದು ಹೆಸರು. ಕಳೆದ ಶ್ಮಿತಾ 2021ರ ಸೆಪ್ಟೆಂಬರಿನಲ್ಲಿ ಶುರುವಾಗಿ 2022ರ ಸೆಪ್ಟೆಂಬರಿನಲ್ಲಿ ಮುಗಿಯಿತು.

ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಈ ಕಟ್ಟಳೆ ಇದೆ. ಆರು ವರ್ಷ ದುಡಿದ ಭೂಮಿಗೆ ಏಳನೆಯ ವರ್ಷ ವಿಶ್ರಾಂತಿ. ಆ ವರ್ಷ ತಾನಾಗಿ ಬೆಳೆದದ್ದು ಒಡೆಯನೊಬ್ಬನ ಸೊತ್ತಲ್ಲ. ಆಳು, ಪರದೇಶಿ, ದನಕರು, ಕಾಡುಪ್ರಾಣಿ ಎಲ್ಲಕ್ಕೂ ಅದರಲ್ಲಿ ಪಾಲುಂಟು. ರೈತನ ಭಯವನ್ನು ಈ ಅಧ್ಯಾಯ ಮುಚ್ಚಿಡುವುದಿಲ್ಲ. ಬಿತ್ತದೆ ಕುಳಿತರೆ ಊಟಕ್ಕೇನು ಎಂಬ ಪ್ರಶ್ನೆಯನ್ನು ತಾನೇ ಎತ್ತುತ್ತದೆ. ಆರನೆಯ ವರ್ಷದ ಬೆಳೆ ಮೂರು ವರ್ಷಕ್ಕೆ ಸಾಲುವಂತೆ ಮಾಡುತ್ತೇನೆಂದು ದೇವರು ಅಲ್ಲಿ ಮಾತು ಕೊಡುತ್ತಾನೆ.

ಆ ಮಾತನ್ನು ನಂಬಿದವರು ಕಷ್ಟ ಕಾಣಲಿಲ್ಲವೆಂದಲ್ಲ. ಕ್ರಿ.ಪೂ. 2ನೇ ಶತಮಾನದಲ್ಲಿ ಗ್ರೀಕ್ ದೊರೆಯ ಸೇನೆ ಯೆಹೂದಿಗಳ ಬೇತ್‌ಚೂರ್ ಕೋಟೆಯನ್ನು ಮುತ್ತಿದಾಗ ಅದು ಏಳನೆಯ ವರ್ಷವಾಗಿತ್ತು. ಕಣಜ ಬರಿದಾಗಿ, ಒಳಗಿದ್ದವರು ಕೋಟೆ ಬಿಟ್ಟುಕೊಡಬೇಕಾಯಿತು. ಮುಂದೆ ರೋಮನ್ನರ ಕಾಲದಲ್ಲಿ ಜೂಲಿಯಸ್ ಸೀಸರ್ ಶ್ಮಿತಾ ವರ್ಷದ ಕಂದಾಯವನ್ನು ಯೆಹೂದಿಗಳಿಗೆ ಬಿಟ್ಟುಕೊಟ್ಟನೆಂದು ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ.

ಏಳನೆಯ ವರ್ಷ ಸಾಲಮನ್ನಾವೂ ಆಗಬೇಕೆಂಬುದು ಬೈಬಲಿನ ಧರ್ಮೋಪದೇಶಕಾಂಡದ ವಿಧಿ. ಉಳ್ಳವರು ಆ ವರ್ಷ ಹತ್ತಿರವಾದಂತೆ ಸಾಲ ಕೊಡುವುದನ್ನೇ ನಿಲ್ಲಿಸತೊಡಗಿದರು. ಪೆಟ್ಟು ಬಿದ್ದದ್ದು ಬಡವನಿಗೆ. ಆಗ ಹಿಲ್ಲೆಲ್ ಎಂಬ ಧರ್ಮಪಂಡಿತ, ಸಾಲಪತ್ರವನ್ನು ನ್ಯಾಯಸಭೆಗೆ ಒಪ್ಪಿಸಿ ವಸೂಲಿಯ ಹಕ್ಕು ಉಳಿಸಿಕೊಳ್ಳುವ ದಾರಿ ತೆರೆದ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯೆಹೂದಿಗಳು ಇಸ್ರೇಲಿನ ನೆಲದಲ್ಲಿ ಮತ್ತೆ ಬೇಸಾಯಕ್ಕಿಳಿದಾಗ ಹಳೆಯ ಪ್ರಶ್ನೆ ಹೊಸದಾಗಿ ಎದ್ದಿತು. 1888–89ರ ಶ್ಮಿತಾದಲ್ಲಿ, ಭೂಮಿಯನ್ನು ಯೆಹೂದಿಯಲ್ಲದವರಿಗೆ ತಾತ್ಕಾಲಿಕವಾಗಿ ಕಾಗದದ ಮೇಲೆ ಮಾರಿ ಉಳುಮೆ ಮುಂದುವರಿಸಲು ಕೆಲವು ರಬ್ಬಿಗಳು (ಯೆಹೂದಿ ಧರ್ಮಗುರುಗಳು) ಒಪ್ಪಿದರು, ಜೆರುಸಲೇಮಿನ ಹಲವರು ವಿರೋಧಿಸಿದರು. ಆಗಿನ ವಲಸೆ ರೈತರ ಬಡತನ ನೆನೆದರೆ ಒಪ್ಪಿದವರ ಮೇಲೆ ತಪ್ಪು ಹೊರಿಸಲು ಮನಸ್ಸು ಬಾರದು. ಆ ಚರ್ಚೆ ಇಂದಿಗೂ ನಿಂತಿಲ್ಲ.

ಪೂರ್ತಿ ಬೀಳು ಬಿಡುವ ರೈತನ ವರ್ಷ ಹೇಗಿರುತ್ತದೆ? ಉಳುಮೆ, ಬಿತ್ತನೆ, ಸೊಂಪಾಗಿ ಚಿಗುರಲೆಂದು ಮಾಡುವ ಸವರಣೆ ಇಲ್ಲ. ಮರ ಸಾಯದಂತೆ ನೀರುಣಿಸಬಹುದು. ಹಣ್ಣನ್ನು ವ್ಯಾಪಾರದ ಸರಕಾಗಿಸುವಂತಿಲ್ಲ. ಧರ್ಮಸಭೆಯೇ ಕೊಯ್ಲು ಮಾಡಿಸಿ, ಖರ್ಚಿನಷ್ಟೇ ಹಣ ಪಡೆದು ಹಂಚುವ ಪದ್ಧತಿಯುಂಟು. ಬಿಡುವಾದ ರೈತರಲ್ಲಿ ಹಲವರು ಧರ್ಮಗ್ರಂಥಗಳ ಅಧ್ಯಯನಕ್ಕೆ ಕೂರುತ್ತಾರೆ. ಅವರ ಸಂಸಾರ ನಡೆಯಲು ದಾನಿಗಳಿಂದ ಹಣ ಕೂಡಿಸುವ ನಿಧಿಗಳೂ ಇವೆ.

ದಕ್ಷಿಣ ಇಸ್ರೇಲಿನ ಕೊಮೆಮಿಯುತ್ ಹಳ್ಳಿಯ ಕಥೆಯನ್ನು ಭಕ್ತರು ಮತ್ತೆ ಮತ್ತೆ ಹೇಳುತ್ತಾರೆ. 1951–52ರ ಶ್ಮಿತಾದಲ್ಲಿ ಹೊಸದಾಗಿ ನೆಲೆಯೂರಿದ್ದ ಅಲ್ಲಿನ ರೈತರು ಬಿತ್ತಲಿಲ್ಲ. ವರ್ಷ ಕಳೆದ ಮೇಲೆ ಅವರಿಗೆ ಸಿಕ್ಕಿದ್ದು ಹುಳು ಹಿಡಿದ ಹಳೆಯ ಗೋಧಿ. ಅದನ್ನೇ ತಡವಾಗಿ ಬಿತ್ತಿದರು. ಆ ವರ್ಷ ಮಳೆಯೂ ತಡವಾಗಿ ಬಂದು, ಬೇಗ ಬಿತ್ತಿದ್ದ ನೆರೆಯವರ ಬೆಳೆ ಕೆಟ್ಟು ಇವರದು ಉಳಿಯಿತಂತೆ.

ಪವಾಡವೆಂದು ನಂಬುವವರು ನಂಬಲಿ. ಶ್ಮಿತಾದ ನಿಜವಾದ ಹಿರಿಮೆ ಅದರ ಏರ್ಪಾಟಿನಲ್ಲಿದೆ. ದೇವರು ಉಣಿಸುತ್ತಾನೆಂದು ರೈತನೊಬ್ಬನಿಗೆ ಉಪದೇಶ ಮಾಡಿ ಅದು ಕೈತೊಳೆದುಕೊಳ್ಳುವುದಿಲ್ಲ. ಉಳ್ಳವನ ಬೇಲಿ ತೆಗೆಸುತ್ತದೆ, ಸಾಲಿಗನ ಹೊರೆ ಇಳಿಸಲು ಹೇಳುತ್ತದೆ, ಬಿತ್ತದವನ ಮನೆಗೆ ಊರಿನಿಂದ ಕಾಳು ತರಿಸುತ್ತದೆ. ಮುಂದಿನ ಶ್ಮಿತಾ 2028ರ ಸೆಪ್ಟೆಂಬರಿನಲ್ಲಿ ಆರಂಭವಾಗಲಿದೆ.