ಗೆರೆಯೇ ಇಲ್ಲದ ಬೆಳಕಿನಲ್ಲಿ ಎದ್ದ ಗೆರೆ

2022ರ ಅಕ್ಟೋಬರ್ 9. ಸುಮಾರು 200 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಕುಸಿದ ನಕ್ಷತ್ರವೊಂದರ ಗಾಮಾ ಕಿರಣಗಳು ನಮ್ಮನ್ನು ಮುಟ್ಟಿದವು. ಅವು ಅಲ್ಲಿಂದ ಹೊರಟಾಗ ಭೂಮಿಯ ಮೇಲೆ ಸೂಕ್ಷ್ಮಜೀವಿಗಳಷ್ಟೇ ಇದ್ದವು! ಫರ್ಮಿ ಉಪಗ್ರಹದ ಉಪಕರಣಗಳಿಗೇ ಕಣ್ಣು ಕುಕ್ಕುವ ಪ್ರಖರತೆ. ಆರ್ಭಟ ತಗ್ಗಿ, ಸುಮಾರು ಐದು ನಿಮಿಷದ ಹೊತ್ತಿಗೆ, ಅದರ ರೋಹಿತದಲ್ಲಿ, ಅಂದರೆ ಯಾವ ಶಕ್ತಿಯ ಕಿರಣ ಎಷ್ಟಿದೆ ಎಂಬ ಚಿತ್ರದಲ್ಲಿ, ಒಂದು ಉಬ್ಬು ಎದ್ದಿತು. 1.2 ಕೋಟಿ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಹತ್ತಿರ, ಕಡಿಮೆಯೆಂದರೂ 40 ಸೆಕೆಂಡು.

ಇದಕ್ಕೇಕೆ ಇಷ್ಟು ಬೆರಗು? ಸೂರ್ಯನ ರೋಹಿತದಲ್ಲಿ ಸೋಡಿಯಂ, ಕಬ್ಬಿಣ ಎಲ್ಲ ತಮ್ಮ ಗೆರೆ ಹಾಕಿ ನಿಂತಿರುತ್ತವೆ. ಇಂಥ ಗಾಮಾ ಸ್ಫೋಟದ ರೋಹಿತದಲ್ಲಿ ಅಂಥದ್ದೇನೂ ಇಲ್ಲ. ನುಣುಪಾದ ಏರು, ಒಂದು ತಿರುವು, ಇಳಿಜಾರು, ಅಷ್ಟೇ. 1993ರಲ್ಲಿ ಡೇವಿಡ್ ಬ್ಯಾಂಡ್ ಮತ್ತು ಸಂಗಡಿಗರು ಕೊಟ್ಟ ಸೂತ್ರಕ್ಕೆ ಬಹುಪಾಲು ಸ್ಫೋಟಗಳು ಒಗ್ಗುತ್ತವೆ. ಆ ಆಕಾರ ಯಾಕೆ ಬರುತ್ತದೆ ಎಂಬ ವಾದ ಮಾತ್ರ ಇನ್ನೂ ನಿಂತಿಲ್ಲ. ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನುಗಳ ಬೆಳಕೊ, ಚಿಮ್ಮುವ ದ್ರವ್ಯದ ಸ್ವಂತ ಕಾವೊ?

ಅಂಥಲ್ಲಿ ಉಬ್ಬಿನ ರೂಪದಲ್ಲಿ ಒಂದು ಗೆರೆ! ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಕೂಡಿ ಇಲ್ಲವಾದಾಗ ಹೊಮ್ಮುವ ಕಿರಣದ ಶಕ್ತಿ 5.11 ಲಕ್ಷ ಎಲೆಕ್ಟ್ರಾನ್‌ವೋಲ್ಟ್. ಆ ಜೋಡಿ ಬೆಳಕಿನ ವೇಗದ ಶೇ. 99.9ರಷ್ಟು ವೇಗದಲ್ಲಿ ನಮ್ಮತ್ತ ನುಗ್ಗುತ್ತಿದ್ದರೆ ಅದೇ ಕಿರಣ ಕೋಟಿಗೆ ಏರುತ್ತದೆ. ಮರಿಯಾ ಎಡ್ವಿಜೆ ರವಾಸಿಯೊ ಅವರ ತಂಡ 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮುಂದಿಟ್ಟ ವಿವರಣೆ ಇದು. ನನಗಂತೂ ಓದಿ ಮೈ ಜುಮ್ಮೆಂದಿತು.

ಬೆಳಕನ್ನು ಹೀಗೆ ಓದುವ ಕೆಲಸ ಬೆಂಗಳೂರಿನ ನಮ್ಮ ಬ್ರೂಕ್‌ಫೀಲ್ಡಿನ ಅಕ್ಕಪಕ್ಕದಲ್ಲೂ ನಡೆಯುತ್ತಿದೆ. ಕಾಡುಗೋಡಿ ದಾಟಿ ಹೊಸಕೋಟೆಗೆ ಹೋಗಿ. ಅಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕೇಂದ್ರದಲ್ಲಿ ಕೂತೇ ಲಡಾಖಿನ ಹಾನ್ಲೆಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದಲ್ಲಿ ನಡೆಸುತ್ತಾರೆ. ಸ್ಫೋಟದ ನಂತರ ಉಳಿಯುವ ಮಂದ ಬೆಳಕಿಗೂ ಅದು ಕಣ್ಣು ನೆಡುತ್ತದೆ. ಆ ಬೆಳಕಿನಲ್ಲಿ ಗೆರೆಗಳಿರುತ್ತವೆ, ದಾರಿಯ ಅನಿಲ ಹೀರಿಕೊಂಡ ಗುರುತು. ಸ್ಫೋಟದ ದೂರ ಗೊತ್ತಾಗುವುದು ಹೆಚ್ಚಾಗಿ ಅದರಿಂದಲೇ. ಮೊದಲ ಸಲ ಹಾಗೆ ಅಳೆದದ್ದು 1997ರಲ್ಲಿ, ಹವಾಯಿಯ ಕೆಕ್ ದೂರದರ್ಶಕದಿಂದ.

ಇತ್ತ ಪೀಣ್ಯದ ಇಸ್ರೊ ಕೇಂದ್ರದಿಂದ ನಿಯಂತ್ರಣವಾಗುವ ಆಸ್ಟ್ರೊಸ್ಯಾಟ್ ಮೇಲೇರಿದ್ದು 2015ರ ಸೆಪ್ಟೆಂಬರ್ 28ರಂದು. ಅದರ ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್ ಉಪಕರಣವನ್ನು ಅಕ್ಟೋಬರ್ 6ರಂದು ಚಾಲೂ ಮಾಡಿದರೆ, ಅದೇ ದಿನ ಒಂದು ಗಾಮಾ ಸ್ಫೋಟ ಸಿಕ್ಕಿತು! 2023ರ ನವೆಂಬರ್ ಹೊತ್ತಿಗೆ ಸಿಕ್ಕ ಸ್ಫೋಟಗಳ ಎಣಿಕೆ 600 ಮುಟ್ಟಿತು. ಆ ಉಪಕರಣದಲ್ಲಿ 16,384 ಪಿಕ್ಸೆಲ್‌ಗಳಿವೆ, ಒಂದೊಂದೂ ಸುಮಾರು ಎರಡೂವರೆ ಮಿಲಿಮೀಟರ್ ಅಗಲ. ಒಂದು ಪಿಕ್ಸೆಲ್ಲಿಗೆ ಬಡಿದ ಕಿರಣ ಕೆಲವೊಮ್ಮೆ ಪಕ್ಕದ್ದಕ್ಕೆ ಚದುರುತ್ತದೆ. ಹೆಚ್ಚು ಕಿರಣಗಳು ಯಾವ ದಿಕ್ಕಿಗೆ ಚದುರಿದವೆಂದು ನೋಡಿದರೆ ಬೆಳಕಿನ ಧ್ರುವೀಕರಣ, ಅಂದರೆ ಅದರ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವ ಗುಣ, ತಿಳಿಯುತ್ತದೆ. ರೋಹಿತದ ಆಕಾರವೊಂದೇ ಬಿಡಿಸಲಾರದ ಆ ಒಗಟಿಗೆ ಇದು ಎರಡನೆಯ ಸುಳಿವು. 2016ರ ಆಗಸ್ಟ್ 21ರ ಸ್ಫೋಟದಲ್ಲಿ ಆ ಧ್ರುವೀಕರಣದ ಕೋನ ಸ್ಫೋಟ ನಡೆಯುತ್ತಿರುವಾಗಲೇ ಎರಡು ಸಲ ಹೊರಳಿತ್ತು. ಅದನ್ನು ವಿಶ್ಲೇಷಿಸಿದವರು ಬೊಟ್ಟು ಮಾಡಿದ್ದು ಕ್ರಮಬದ್ಧವಾಗಿ ಹರಡಿದ ಕಾಂತಕ್ಷೇತ್ರದತ್ತ.