ಧಾನ್ಯಸಂಗ್ರಹದ ಧರ್ಮ ಮತ್ತು ಮರ್ಮ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಾಳಿದ ಶರಣ ಆಯ್ದಕ್ಕಿ ಮಾರಯ್ಯನ ಕಾಯಕವು ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದಾಗಿತ್ತು. ಒಂದು ದಿನ ಆತನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಡದಿ ಲಕ್ಕಮ್ಮ ಅದನ್ನು ಒಳಗೆ ಸೇರಿಸದೆ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ತಿಳಿಹೇಳಿದಳೆಂಬ ಪ್ರಸಂಗ ಶರಣಚರಿತ್ರೆಯಲ್ಲಿ ಸುಪ್ರಸಿದ್ಧವಾಗಿದೆ. ಕಾಳಿನ ಬೆಲೆಯನ್ನೂ ಆಸೆಯ ಮಿತಿಯನ್ನೂ ಒಟ್ಟಿಗೆ ಬೋಧಿಸುವ ಪ್ರಸಂಗ ಇದಕ್ಕಿಂತ ಮಿಗಿಲಾದುದು ದೊರೆಯಲಾರದು.

ಹಾಗಾದರೆ ವರ್ಷದ ಧಾನ್ಯವನ್ನು ಮನೆಯಲ್ಲಿ ತುಂಬಿಡುವುದು ಆಸೆಯ ಲಕ್ಷಣವಾಗದೆ ಎಂದು ಶಂಕಿಸುವವರುಂಟು. ಇದರ ಸಮಾಧಾನ ಕಾಯಕದ ಸ್ವರೂಪದಲ್ಲಿಯೇ ಇದೆ. ಮಾರಯ್ಯನ ಕಾಯಕ ದಿನದಿನವೂ ಫಲವನ್ನೀಯುವಂಥದು. ಮಳೆಯನ್ನು ನಂಬಿದ ಒಕ್ಕಲಿಗನ ಕಾಯಕ ವರ್ಷಕ್ಕೊಮ್ಮೆ ಫಲವನ್ನೀಯುವಂಥದು. ಎರೆಭೂಮಿಯ ಹಿಂಗಾರಿ ಜೋಳ ರಾಶಿಯಾಗುವುದು ಮಾಘ ಫಾಲ್ಗುಣಗಳ ಸುಮಾರಿಗೆ. ಅದನ್ನು ಉಣ್ಣಬೇಕಾದುದು ಹನ್ನೆರಡು ತಿಂಗಳು. ದಿನಕ್ಕೆ ಒಂದೂವರೆ ಕಿಲೋ ಜೋಳ ಬೇಕಾಗುವ ಸಂಸಾರಕ್ಕೆ ವರ್ಷಕ್ಕೆ ಸುಮಾರು ಐದೂವರೆ ಕ್ವಿಂಟಲ್ ಬೇಕು. ಇದು 365 ದಿನಗಳ ನಿತ್ಯದ ಅಳತೆಯೇ ಹೊರತು ಅತಿಯಾಸೆಯಲ್ಲ. ಧಾತು-ಈಶ್ವರ ಸಂವತ್ಸರಗಳ ಬರವೆಂದು ಹೆಸರಾದ 1876-78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನವೊಂದರಲ್ಲಿಯೇ ಹತ್ತು ಲಕ್ಷದಷ್ಟು ಜನ ಅಳಿದರು. ಕಣಜದಲ್ಲಿ ಕಾಳಿರುವುದೆಂದರೆ ಏನೆಂಬುದನ್ನು ಅಂದು ಉಳಿದವರು ಚೆನ್ನಾಗಿ ಅರಿತಿದ್ದರು. ಆದುದರಿಂದ ಸಂಗ್ರಹಿಸುವುದು ದೋಷವಲ್ಲ. ಸಂಗ್ರಹಿಸಿದುದನ್ನು ಕೆಡಿಸುವುದು ದೋಷ.

ಕೆಡದಂತೆ ಕಾಯುವ ವಿದ್ಯೆಯೆಲ್ಲ ಒಂದೇ ಮರ್ಮದ ಮೇಲೆ ನಿಂತಿದೆ. ಧಾನ್ಯವು ಜಡವಸ್ತುವಲ್ಲ, ಅದು ಜೀವವುಳ್ಳ ಬೀಜ. ಜೀವವುಳ್ಳುದಾದ್ದರಿಂದ ಅದು ಉಸಿರಾಡುತ್ತದೆ. ಗಾಳಿಯಲ್ಲಿರುವ ಆಮ್ಲಜನಕವನ್ನು ಒಳಗೊಂಡು ಇಂಗಾಲದ ಡೈ ಆಕ್ಸೈಡನ್ನೂ ತೇವವನ್ನೂ ಶಾಖವನ್ನೂ ಹೊರಬಿಡುತ್ತದೆ. ಚೆನ್ನಾಗಿ ಒಣಗಿದ ಕಾಳಿನ ಉಸಿರು ಬಲು ಮಂದ, ಅದು ನಿದ್ರೆಯಲ್ಲಿರುವಂತೆ. ಹಸಿ ಕಾಳಿನ ಉಸಿರು ತೀವ್ರ. ಅದರಿಂದ ಶಾಖ ಹುಟ್ಟುತ್ತದೆ. ಶಾಖದಿಂದ ಹುಳು ಹೆಚ್ಚುತ್ತದೆ. ಹುಳುವಿನ ಉಸಿರಿನಿಂದ ಮತ್ತಷ್ಟು ತೇವ ಸೇರುತ್ತದೆ. ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಹೊರಗೆ ನೆಟ್ಟಗೆ ಕಾಣುವ ಚೀಲದ ನಡುವೆ ಕೈಯಿಟ್ಟಾಗ ಬಿಸಿ ತಗುಲುವುದು ಇದರಿಂದಲೇ. ಜೋಳ, ಗೋದಿ, ಭತ್ತಗಳಲ್ಲಿ ತೇವಾಂಶ ಶೇಕಡಾ 12ನ್ನು ಮೀರದಿರುವುದು, ಬೇಳೆಕಾಳುಗಳಲ್ಲಿ ಶೇಕಡಾ 9-10ರಷ್ಟಿರುವುದು ಕ್ಷೇಮ.

ಕೊಳ್ಳುವ ಕಾಲದಲ್ಲಿಯೇ ಈ ಪರೀಕ್ಷೆ ಮೊದಲಾಗಬೇಕು. ರಾಶಿಯಾದ ಹೊಸದರಲ್ಲಿ, ಬೇಸಗೆಯ ಬಿಸಿಲಿರುವಾಗಲೇ ವರ್ಷದ ಕಾಳನ್ನು ಕೊಳ್ಳುವ ವಾಡಿಕೆ ಬೆಲೆಯ ದೃಷ್ಟಿಯಿಂದ ಮಾತ್ರವಲ್ಲ, ಒಣಗಿಸಿಕೊಳ್ಳುವ ಅನುಕೂಲದಿಂದಲೂ ಬಂದುದು. ಚೀಲದ ಮೇಲ್ಭಾಗದ ಕಾಳನ್ನಷ್ಟೆ ನೋಡದೆ ಮೊಳಕೈವರೆಗೆ ಕೈಯಿಳಿಸಿ ನಡುವಿನ ಕಾಳನ್ನು ತೆಗೆಯಬೇಕು. ಹಲ್ಲಿನಲ್ಲಿ ಕಡಿದರೆ ಕಟಕ್ಕೆಂದು ಒಡೆಯುವುದು ಒಣಕಾಳು. ಮೆತ್ತಗೆ ಚಪ್ಪಟೆಯಾಗುವುದು ಹಸಿಕಾಳು. ಇದಕ್ಕಿಂತ ನೆಚ್ಚಬಹುದಾದ ಇನ್ನೊಂದು ಪರೀಕ್ಷೆಯುಂಟು. ಒಣಗಿದ ಗಾಜಿನ ಸೀಸೆಯಲ್ಲಿ ಒಂದು ಹಿಡಿ ಕಾಳಿಗೆ ಚೆನ್ನಾಗಿ ಒಣಗಿಸಿದ ಪುಡಿಯುಪ್ಪನ್ನು ಬೆರೆಸಿ, ಬಾಯಿ ಮುಚ್ಚಿ ಕುಲುಕಿ ಕೆಲಹೊತ್ತು ಇಡಬೇಕು. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ ಶೇಕಡಾ 15ನ್ನು ಮೀರಿದೆಯೆಂದು ತಿಳಿಯಬಹುದು. ಇನ್ನು ಹಿಡಿ ಕಾಳನ್ನು ನೀರಿಗೆ ಹಾಕಿದಾಗ ತೇಲುವವು ಜೊಳ್ಳು ಇಲ್ಲವೆ ಹುಳು ತಿಂದು ಬರಿದಾದವು. ಮುಗ್ಗಲು ವಾಸನೆಯ ಕಾಳನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು.

ಕಣ್ಣಿಗೆ ಶುದ್ಧವಾಗಿ ಕಾಣುವ ಕಾಳಿನೊಳಗೂ ಶತ್ರು ಅಡಗಿರಬಹುದು. ಸೊಂಡಿಲಿನಂಥ ಮೂತಿಯುಳ್ಳ ನುಸಿಯ ಹೆಣ್ಣು ಕಾಳನ್ನು ಕೊರೆದು ಅದರಲ್ಲಿ ಒಂದು ಮೊಟ್ಟೆಯಿಟ್ಟು, ಮೇಲೆ ಬಿರಡೆಯಂತೆ ಮೆತ್ತಿಬಿಡುತ್ತದೆ. ಮರಿ ಒಳಗೇ ಬೆಳೆದು, ಬೆಚ್ಚನೆಯ ದಿನಗಳಲ್ಲಿ ಸುಮಾರು ಒಂದು ತಿಂಗಳಿಗೆ ಹೊರಬರುತ್ತದೆ. ಶುದ್ಧವಾದ ಜೋಳ ತಂದು ತುಂಬಿದೆವು, ನುಸಿ ಎಲ್ಲಿಂದ ಬಂದಿತೋ ಎಂದು ಗೃಹಿಣಿ ಅಚ್ಚರಿಪಡುವುದು ಈ ಕಾರಣದಿಂದ. ಆದುದರಿಂದ ಕೊಂಡು ತಂದ ಕಾಳನ್ನು ಸ್ವಚ್ಛಗೊಳಿಸಿ, ತೆಳುವಾಗಿ ಹರವಿ, ಎರಡು ಮೂರು ದಿನ ಬಿರುಬಿಸಿಲಿನಲ್ಲಿ ತಿರುವುತ್ತ ಒಣಗಿಸಬೇಕು. ಬಿತ್ತನೆಯ ಬೀಜವನ್ನು ಮಾತ್ರ ಇಷ್ಟು ಬಿಸಿಲಿಗೊಡ್ಡದೆ ಬೇರೆಯಾಗಿಯೇ ಕಾದಿಡಬೇಕು. ಒಣಗಿದ ಕಾಳನ್ನು ಬಿಸಿಯಿರುವಂತೆಯೇ ತುಂಬುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಹಾಗೆ ತುಂಬಿದರೆ ಒಳಗಿನ ಆವಿ ತಣಿದು ಪಾತ್ರೆಯ ಗೋಡೆಯ ಮೇಲೆ ನೀರಾಗಿ ನಿಂತು ಬೂಷ್ಟಿಗೆ ಎಡೆಯಾಗುತ್ತದೆ. ನೆರಳಿನಲ್ಲಿ ಆರಲು ಬಿಟ್ಟು ಆಮೇಲೆ ತುಂಬಬೇಕು.

ತುಂಬುವ ಸಾಧನಗಳಲ್ಲಿ ಆಯಾ ಸೀಮೆಯ ಹವೆಗೆ ತಕ್ಕ ಜಾಣತನವನ್ನು ಹಿರಿಯರು ತೋರಿದ್ದಾರೆ. ಬಯಲುಸೀಮೆಯಲ್ಲಿ ಬಿದಿರು ಹೆಣೆದು ಸಗಣಿ ಸಾರಿಸಿದ ಕಣಜ, ಗುಮ್ಮಿಗಳು. ಮಲೆನಾಡಿನಲ್ಲಿ ಮರದ ಪತ್ತಾಯ. ಕರಾವಳಿಯಲ್ಲಿ ಹುಲ್ಲಿನ ಹಗ್ಗ ಸುತ್ತಿದ ಅಕ್ಕಿಮುಡಿ. ಹಳೆಯ ಮೈಸೂರು ಸೀಮೆಯಲ್ಲಿ ಮಣ್ಣಿನ ವಾಡೆ. ಈಚಿನ ತಗಡಿನ ಡಬ್ಬಿಗಳೂ ಪೀಪಾಯಿಗಳೂ ಇಲಿಗೆ ಎಡೆಗೊಡದಿರುವುದರಿಂದ ಉತ್ತಮವಾದವು. ಇವುಗಳ ಬಾಯಿ ಬಿಗಿಯಾಗಿ ಮುಚ್ಚಿ, ಕಂಠದವರೆಗೆ ತುಂಬಿದಲ್ಲಿ ಒಳಗಿನ ಅಲ್ಪ ಗಾಳಿಯನ್ನು ಕಾಳೂ ಹುಳುವೂ ಬಳಸಿ ಮುಗಿಸುತ್ತವೆ. ಕಾಳು ತಡೆಯುತ್ತದೆ, ಹುಳು ಸಾಯುತ್ತದೆ. ಗೋಣಿಚೀಲಗಳಲ್ಲಿಡುವುದಾದರೆ ಅವನ್ನು ಬಿಸಿಲಿಗೊಡ್ಡಿ ಕೊಡವಿ, ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರ ಒಟ್ಟಬೇಕು. ಹಳೆಯ ಕಾಳಿನ ಮೇಲೆ ಹೊಸ ಕಾಳನ್ನು ಸುರಿಯಲೇಬಾರದು; ಮೊದಲು ಬಂದುದು ಮೊದಲು ತೀರಬೇಕು.

ಕಾಳನ್ನು ಇಡಿಯಾಗಿಡುವುದೇ ಒಳ್ಳೆಯದು. ಸಿಪ್ಪೆಯೆಂಬುದು ಸೃಷ್ಟಿಯೇ ಕೊಟ್ಟ ಕವಚ. ಸಜ್ಜೆಯ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಇಡಿ ಸಜ್ಜೆ ತಿಂಗಳುಗಟ್ಟಲೆ ಬಾಳುತ್ತದೆ. ಗಟ್ಟಿಯಾದ ಕಿರುಗಾಳಿನ ರಾಗಿ ಹುಳುವಿಗೆ ಸುಲಭವಾಗಿ ಸಗ್ಗದೆ ವರ್ಷಗಟ್ಟಲೆ ನಿಲ್ಲುತ್ತದೆ. ಆದರೆ ದ್ವಿದಳಧಾನ್ಯಗಳ ರೀತಿ ಬೇರೆ. ಕಡಲೆ, ಹೆಸರು, ಅಲಸಂದೆಗಳ ಹುಳು ಇಡಿ ಕಾಳಿನ ನುಣುಪಾದ ಮೈಮೇಲೆ ಮೊಟ್ಟೆಯಿಡುವುದರಿಂದ, ಒಡೆದ ಬೇಳೆಯೇ ಹೆಚ್ಚು ಸುರಕ್ಷಿತ. ಇಡಿಯಾಗಿಡಲೇಬೇಕಾದರೆ ಕಿಲೋ ಕಾಳಿಗೆ ಒಂದು ಚಮಚದಷ್ಟು ಹರಳೆಣ್ಣೆ ಸವರುವುದು, ಬೂದಿಯಲ್ಲಿ ಹೊರಳಿಸುವುದು ಅನುಭವಸಿದ್ಧ ಉಪಾಯಗಳು. ಬೇವಿನ ಎಲೆಯನ್ನು ನೆರಳಿನಲ್ಲಿ ಒಣಗಿಸಿ ಹಾಕಬೇಕು. ಹಸಿಯೆಲೆ ತನ್ನ ತೇವವನ್ನು ಕಾಳಿಗೆ ಕೊಡುತ್ತದೆ. ಬೇವು ಹುಳುವನ್ನು ದೂರವಿಡಬಲ್ಲುದೇ ಹೊರತು ಕಾಳಿನೊಳಗೆ ಈಗಾಗಲೇ ಇರುವುದನ್ನು ಕೊಲ್ಲಲಾರದು.

ಧಾನ್ಯವು ಉಸಿರಾಡುತ್ತದೆಂಬುದನ್ನು ಮರೆತವರಿಗೆ ಪ್ರಾಣಾಪಾಯವೇ ಒದಗಿದ ಸ್ಥಳ ಹಗೇವು. ಕನ್ನಡದಲ್ಲಿ ‘ಹಗೆ’ ಎಂಬ ರೂಪಕ್ಕೆ ವೈರಿಯೆಂಬ ಅರ್ಥವೂ ಉಂಟು, ನೆಲದೊಳಗಿನ ಕಣಜವೆಂಬ ಅರ್ಥವೂ ಉಂಟು. ಅರ್ಥಗಳು ಬೇರೆಯಾದರೂ ಎಚ್ಚರಗೇಡಿಯ ಪಾಲಿಗೆ ಅವು ಒಂದೇ ಆಗುತ್ತವೆ. ಕಿರಿದಾದ ಬಾಯಿ, ಹಿರಿದಾದ ಹೊಟ್ಟೆಯ ಈ ಗುಂಡಿಗೆ ಹುಲ್ಲು ಹಾಸಿ ಕಾಳು ತುಂಬಿ, ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ಒಳಗೆ ಆಮ್ಲಜನಕ ತೀರಿ ಕಾಳಿನ ಉಸಿರೇ ಗಾಳಿಗಿಂತ ಭಾರವಾದ ವಿಷವಾಯುವಾಗಿ ತಳದಲ್ಲಿ ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ. ಬಾಯಿ ತೆರೆದೊಡನೆ ಇಳಿದವನು ಕೂಗುವುದಕ್ಕೂ ಮೊದಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಧಾವಿಸಿದ ಅಣ್ಣನೋ ಮಗನೋ ಅವನ ಮೇಲೆಯೇ ಬೀಳುತ್ತಾನೆ. ಹಿರಿಯರು ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯಕೂಡದೆಂಬುದು ನಿಶ್ಚಯ. ಆದರೆ ದೀಪ ಉರಿದ ಮಾತ್ರಕ್ಕೆ ಕ್ಷೇಮವೆಂಬ ನಿಶ್ಚಯವಿಲ್ಲ. ದೀಪಕ್ಕೆ ಸಾಲುವ ಗಾಳಿಯಲ್ಲಿಯೂ ಮನುಷ್ಯನಿಗೆ ಕೇಡು ಮಾಡುವಷ್ಟು ವಿಷವಾಯುವಿರಬಹುದು. ಬಹುಕಾಲ ಬಾಯಿ ತೆರೆದಿಟ್ಟು ಗಾಳಿ ಹಾಯಿಸದೆ, ಸೊಂಟಕ್ಕೆ ಹಗ್ಗ ಬಿಗಿದು ಮೇಲೆ ಜನ ಹಿಡಿದಿರದೆ, ಒಬ್ಬಂಟಿಯಾಗಿ ಯಾರೂ ಇಳಿಯಕೂಡದು. ಒಳಗೆ ಬಿದ್ದವರಿದ್ದರೆ ಬರಿಗೈಯಲ್ಲಿ ಹಿಂದೆ ಇಳಿಯದೆ ಅಗ್ನಿಶಾಮಕ ದಳದವರನ್ನು ಕೂಡಲೇ ಕರೆಯಬೇಕು.

ಹಗೇವುಗಳು ವಿರಳವಾದವು, ಆದರೆ ವಿಷವಾಯು ಇನ್ನೊಂದು ರೂಪದಲ್ಲಿ ಮನೆಯನ್ನು ಹೊಕ್ಕಿದೆ. ಗೋದಾಮುಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಅರಿವೆಯಲ್ಲಿ ಕಟ್ಟಿ ಮನೆಯ ಚೀಲದಲ್ಲಿಡುವವರಿದ್ದಾರೆ. ಗಾಳಿಯ ತೇವ ತಗುಲಿದೊಡನೆ ಅದು ಫಾಸ್ಫೀನ್ ಎಂಬ ಅನಿಲವನ್ನು ಬಿಡುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ತರಬೇತಿ ಪಡೆದವರು ಮಾತ್ರ ಬಳಸಬೇಕೆಂಬ ನಿರ್ಬಂಧವಿರುವುದು ಸುಮ್ಮನಲ್ಲ. ಜನ ಮಲಗುವ ಮನೆಗೆ ಅದು ಬರಲೇಕೂಡದು. ಅಕ್ಕಿಗೆ ಬೋರಿಕ್ ಪುಡಿ ಬೆರೆಸುವ ರೂಢಿಯೂ ಬಿಡತಕ್ಕದ್ದು. ಅದು ಆಹಾರಕ್ಕೆ ಸಲ್ಲುವ ವಸ್ತುವಲ್ಲ.

ಬೂಷ್ಟು ಹಿಡಿದ ಕಾಳನ್ನು ತೊಳೆದು ಬೇಯಿಸಿದರೆ ಸರಿಹೋಗುತ್ತದೆಂಬುದು ಇನ್ನೊಂದು ಭ್ರಮೆ. 1974ರಲ್ಲಿ ರಾಜಸ್ಥಾನ, ಗುಜರಾತುಗಳ ಕೆಲವು ಹಳ್ಳಿಗಳ ಜನ ಮಳೆಗೆ ತೊಯ್ದು ಬೂಷ್ಟುಗಟ್ಟಿದ ಮೆಕ್ಕೆಜೋಳವನ್ನು ಉಂಡು, ಯಕೃತ್ತು ಕೆಟ್ಟು ನೂರಕ್ಕೂ ಹೆಚ್ಚು ಮಂದಿ ಸತ್ತರು. ಅಫ್ಲಟಾಕ್ಸಿನ್ ಎಂಬ ಆ ವಿಷ ಅಡುಗೆಯ ಬೆಂಕಿಗೆ ಅಳಿಯುವುದಿಲ್ಲ. 1995ರಲ್ಲಿ ದಖ್ಖಣದ ಕೆಲವು ಹಳ್ಳಿಗಳಲ್ಲಿ ಅಕಾಲವೃಷ್ಟಿಗೆ ಸಿಕ್ಕಿದ ಜೋಳ, ಮೆಕ್ಕೆಜೋಳಗಳನ್ನು ಉಂಡವರಿಗೆ ಹೊಟ್ಟೆನೋವು ಭೇದಿಗಳು ತಗುಲಿದವು. ಅಲ್ಲಿಯೂ ಬೂಷ್ಟಿನ ವಿಷವೇ ಕಾರಣವಾಗಿತ್ತು. ಬಡವನಿಗೆ ಕಾಳನ್ನು ಎಸೆಯುವುದು ಕರುಳು ಕಿತ್ತಂತಾಗುತ್ತದೆ, ದಿಟ. ಆದುದರಿಂದಲೇ ಎಸೆಯುವ ಗತಿ ಬಾರದಂತೆ ಮೊದಲೇ ಒಣಗಿಸಬೇಕು; ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕೈಯಿಟ್ಟು, ಮೂಸಿ ನೋಡಬೇಕು.

ಈ ಎಚ್ಚರ ಒಂದು ಮನೆಗಷ್ಟೆ ಸಂಬಂಧಿಸಿದುದಲ್ಲ. ತುಮಕೂರಿನ ಸಿದ್ಧಗಂಗೆಯಂಥ ಕ್ಷೇತ್ರಗಳಲ್ಲಿ ಸಾವಿರಾರು ವಿದ್ಯಾರ್ಥಿಗಳು ಒಂದೇ ದಾಸೋಹದಲ್ಲಿ ಉಣ್ಣುತ್ತಾರೆ. ಮಠದ ಉಗ್ರಾಣಕ್ಕೆ ಧಾನ್ಯ ಬರುವುದು ನೂರಾರು ಭಕ್ತರ ಮನೆಗಳಿಂದ. ನುಸಿಹಿಡಿದ ಒಂದು ಚೀಲ ತಿಂಗಳೆರಡು ತಿಂಗಳಲ್ಲಿ ಉಳಿದ ಚೀಲಗಳನ್ನೂ ಹಾಳುಮಾಡಬಲ್ಲುದು. ಮನೆಯಲ್ಲಿ ಉಳಿದ ಹಳೆಯ ಕಾಳನ್ನು ದಾಸೋಹಕ್ಕೆ ಕಳುಹಿಸುವುದು ಸಮರ್ಪಣೆಯೆನಿಸದು. ತಾನುಣ್ಣುವುದರಲ್ಲಿ ಮೇಲಾದುದನ್ನು, ಒಣಗಿಸಿ ಹಸನುಮಾಡಿ ಒಪ್ಪಿಸುವುದೇ ಸಮರ್ಪಣೆ.

ಲಕ್ಕಮ್ಮ ಹಿಂದಿರುಗಿಸಲು ಹೇಳಿದುದು ಬೇಕಾದುದಕ್ಕಿಂತ ಮಿಕ್ಕ ಅಕ್ಕಿಯನ್ನು. ಮಾರಯ್ಯ ಆಯ್ದುದು ಪರರು ಚೆಲ್ಲಿದ ಅಕ್ಕಿಯನ್ನು. ಅಳತೆಯರಿತು ಕೊಳ್ಳುವುದರಲ್ಲಿ ಆಕೆಯ ನಿಲುವಿದೆ. ಕೊಂಡುದರಲ್ಲಿ ಒಂದು ಕಾಳೂ ನುಸಿಯ ಪಾಲಾಗದಂತೆ ಕಾಯುವುದರಲ್ಲಿ ಆತನ ಕಾಯಕವಿದೆ. ಇವೆರಡೂ ಕೂಡಿದ ಮನೆಯ ಕಣಜ ಶ್ರಾವಣ ಭಾದ್ರಪದಗಳ ಮಳೆಯಲ್ಲಿಯೂ ಮುಗ್ಗದೆ, ಮನೆಯವರಿಗೂ ಬಂದ ಅತಿಥಿಗೂ ಅನ್ನವನ್ನೀಯುತ್ತದೆ.