ನಿಮಗಿದು ಗೊತ್ತೆ?: ಸಿಂಪ್ಯೂಟರ್ ಒಳಗಿನ ಲಿನಕ್ಸ್

ನಮ್ಮ ಜಿಲ್ಲೆಯ ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಎರಡನೇ ಕ್ಯಾಂಪಸ್ ಹೊಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೇ ಸಿಂಪ್ಯೂಟರ್ ಎಂಬ ಪುಟ್ಟ ಕಂಪ್ಯೂಟರ್ ರೂಪಿಸಿದವರು. ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರ ಜತೆ ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯೂ ಕೈಜೋಡಿಸಿತ್ತು. 2001ರಲ್ಲಿ ಮೊದಲ ಮಾದರಿ ಹೊರಬಂತು.

ಅಂಗೈಯಗಲದ ಈ ಕಂಪ್ಯೂಟರ್‌ನ ಮಿದುಳು ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಚಿಪ್. ಅದರಲ್ಲಿ ಓಡುತ್ತಿದ್ದುದು ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ. ಈ ಚಿಪ್‌ಗೆಂದು ಯಾರೂ ಸೊನ್ನೆಯಿಂದ ಕರ್ನಲ್ (ಆ ವ್ಯವಸ್ಥೆಯ ತಿರುಳು) ಬರೆಯಬೇಕಾಗಲಿಲ್ಲ. ಅದಕ್ಕೂ ಮುಂಚಿನ ಎಸ್‌ಎ-1100 ಚಿಪ್‌ಗೆ ಲಿನಕ್ಸ್ ಆಗಲೇ ಹೊಂದಿಕೊಂಡಿತ್ತು. ಅಣ್ಣನ ಅಂಗಿಯ ತೋಳು ಮಡಚಿ ತಮ್ಮನಿಗೆ ತೊಡಿಸಿದ ಹಾಗೆ, ಅದನ್ನೇ ತಿದ್ದಿದರು. ಇಂಥ ಕೆಲಸದಲ್ಲಿ ಟೈಮರ್, ಇಂಟರಪ್ಟ್, ಸೀರಿಯಲ್ ಪೋರ್ಟ್‌ಗಳ ಕೋಡ್ ಬಹುಪಾಲು ಹಾಗೇ ಉಳಿಯುತ್ತದೆ. ಬೆವರಿಳಿಸುವುದು ವ್ಯತ್ಯಾಸವಿರುವ ಜಾಗ. ಎಸ್‌ಎ-1110ರಲ್ಲಿ ಎಸ್‌ಡಿರಾಮ್ ಮೆಮೊರಿ ಬಳಸುವ ಸೌಲಭ್ಯ ಹೊಸದು. ಮೆಮೊರಿಯ ಲೆಕ್ಕ ತಪ್ಪಿದರೆ ಕರ್ನಲ್ ಏಳುವುದೇ ಇಲ್ಲ, ಏಕೆ ಎದ್ದಿಲ್ಲವೆಂದು ಪರದೆಯ ಮೇಲೆ ಒಂದಕ್ಷರವೂ ಮೂಡುವುದಿಲ್ಲ! ಆಗ ನೆರವಿಗೆ ಬರುವುದು ಸೀರಿಯಲ್ ತಂತಿ.

ಲಿನಕ್ಸ್‌ನಲ್ಲಿ ಎರಡೂ ಚಿಪ್‌ಗಳ ಕೋಡ್ ಒಂದೇ ಫೋಲ್ಡರ್‌ನಲ್ಲಿದೆ. ಅದರ ಹೆಸರಿನಲ್ಲಿರುವುದು ಹಳೆಯ ಎಸ್‌ಎ-1100 ಮಾತ್ರ.

2004ರಲ್ಲಿ ಬೆಂಗಳೂರಿನ ಬಿಇಎಲ್ ತಯಾರಿಸಿದ 'ಅಮಿಡಾ ಸಿಂಪ್ಯೂಟರ್' ಮಾರುಕಟ್ಟೆಗೆ ಬಂತು. ಸಾಧನವನ್ನು ಅತ್ತಿತ್ತ ವಾಲಿಸಿದರೆ ಗುರುತಿಸುವ ಸಂವೇದಕ ಅದರಲ್ಲಿತ್ತು. ಅಂಥದೇ ಸಂವೇದಕವಿದ್ದ ಐಫೋನ್ ಬಂದದ್ದು ಆಮೇಲೆ, 2007ರಲ್ಲಿ. ಆದರೂ ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ.